ನೀರಬದಿ, ಮರಳಬದಿ

ನಮ್ಮ ಊರಿನ ನದಿ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಕಾರಹುಣ್ಣಿಮೆ ಕಳೆದ ಮೂರನೆಯದೋ ನಾಲ್ಕನೆಯದೋ ಬೆಳಿಗ್ಗೆ, ನೀರಿಗೆ ಹೋದ ಹೆಂಗಸರು ಬರಿಗೊಡ ಹೊತ್ತು ನಗುತ್ತ ವಾಪಸು ಬರುತ್ತಾರೆ. ಬೆಲ್ಲದ ಓಣಿಯ ಹಿಂದೆ ಹರಿಯುತ್ತಿದ್ದ ನದಿ ಅಂದಿನಿಂದ ಹುಣಸೆ ಓಣಿಯ ಹಿಂದೆ ಹರಿಯುತ್ತದೆ. ಮರುವರ್ಷ ಮತ್ತೆ ಇತ್ತ. ಎರಡು ಓಣಿ, ನಡುವೆ ಒಂದು ಪೇಟೆ, ಇಷ್ಟೇ ಊರು. ನದಿ ಇರುವ ಕಡೆಗೆ ನೀರಬದಿ ಎನ್ನುತ್ತೇವೆ, ಬಿಟ್ಟುಹೋದ ಕಡೆಗೆ ಮರಳಬದಿ. ಮೂಡಣ, ಪಡುವಣ ಎಂಬ ಮಾತುಗಳು ಪಂಚಾಂಗದಲ್ಲಿವೆ, ನಮ್ಮ ಬಾಯಲ್ಲಿಲ್ಲ. ನೀರಬದಿಯವರು ಆ ವರ್ಷ ಮೀನು ಹಿಡಿಯುತ್ತಾರೆ, ಮದುವೆ ಮಾಡುತ್ತಾರೆ, ಸೊಳ್ಳೆ ಕಚ್ಚಿಸಿಕೊಳ್ಳುತ್ತಾರೆ. ಮರಳಬದಿಯವರು ನದಿ ಬಿಟ್ಟುಹೋದ ಕರಿ ಮೆಕ್ಕಲಿನಲ್ಲಿ ಸೌತೆ, ಕಲ್ಲಂಗಡಿ, ಪುಂಡಿ ಬೆಳೆದುಕೊಂಡು ಆಚೆಯವರಿಗೆ ಕೊಟ್ಟು ನೀರು ತರುತ್ತಾರೆ. ಹೆಣ್ಣು ಕೊಡುವುದಿದ್ದರೆ ಆಚೆ ಓಣಿಗೇ ಕೊಡಬೇಕು, ಅದೊಂದು ಕಟ್ಟು. ಹಾಗಾದರೆ ಯಾವ ವರ್ಷವಾದರೂ ಹೆಣ್ಣುಮಗಳಿಗೆ ತವರಲ್ಲಾದರೂ ನೀರಿರುತ್ತದೆ, ಅತ್ತೆಮನೆಯಲ್ಲಾದರೂ ಇರುತ್ತದೆ.

ಯುದ್ಧ ಮೂರು ವರ್ಷ ನಡೆಯಿತು. ಯಾರ ಯಾರ ನಡುವೆ ಎಂದು ಮೊದಲ ವರ್ಷ ಕೇಳಿಕೊಳ್ಳುತ್ತಿದ್ದೆವು, ಆಮೇಲೆ ಬಿಟ್ಟೆವು. ಎರಡು ಸೇನೆಗಳೂ ಸರದಿಯ ಮೇಲೆ ಬಂದು ನದಿಗೆ ಸೇತುವೆ ಕಟ್ಟಿದವು. ಕಾರಹುಣ್ಣಿಮೆಯಾದ ಮೇಲೆ ಒಣ ಮರಳಿನಲ್ಲಿ ನಿಂತ ತಮ್ಮ ಸೇತುವೆಯನ್ನು ನೋಡಿ ಇದು ಶತ್ರುವಿನ ಕಿತಾಪತಿ ಎಂದುಕೊಂಡವು. ಪೇಟೆ ಸುಟ್ಟಿತು, ಹತ್ತಿ ಗಿರಣಿ ಸುಟ್ಟಿತು, ಊರಿನ ದುಡಿಮೆಯೆಲ್ಲ ಅದರೊಂದಿಗೆ ಹೋಯಿತು. ನನ್ನ ತಂಗಿ ಬಂಗಾರೆವ್ವನ ಗಂಡ ಮಲ್ಲೇಶಿಯನ್ನು ಸೈನಿಕರು ಹೊರೆ ಹೊರಲು ಎರಡು ದಿನದ ಮಟ್ಟಿಗೆಂದು ಕರೆದುಕೊಂಡು ಹೋದರು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ನಾನು ಅಡಿವೆಪ್ಪ, ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರೆಲ್ಲ ಈಗ ಸುಸ್ತಾಗಿದ್ದಾರೆ. ಅವ್ವ ತೀರಿಕೊಂಡಾಗ ಬಂಗಾರೆವ್ವನಿಗೆ ಏಳು ವರ್ಷ, ನನಗೆ ಹದಿನೆಂಟು. ಅವಳ ಜಡೆ ಹೆಣೆಯಲು ಪಕ್ಕದ ಮನೆಯವರಿಂದ ಕಲಿತೆ. ದೊಡ್ಡವಳಾದ ಮೇಲೆ ಬೆಲ್ಲದ ಓಣಿಯ ನಮ್ಮ ಮನೆಯಿಂದ ಹುಣಸೆ ಓಣಿಗೆ ಕೊಟ್ಟೆ. ಮಲ್ಲೇಶಿ ಹೋದಮೇಲೆ ಆ ಮನೆಯಲ್ಲಿ ಉಳಿದವರು ಅವಳು ಮತ್ತು ಅವಳ ಅತ್ತೆ ತುಂಗವ್ವ, ಇಬ್ಬರೇ. ತುಂಗವ್ವ ನೇರ ಮಾತಿನ ಹೆಂಗಸು. ಅವಳ ಎದುರು ನಿಂತರೆ, ಹಾಜರಿ ಕೂಗುವ ನಾನೇ ಹಾಜರಿ ಹೇಳುವ ಹುಡುಗನಾಗುತ್ತಿದ್ದೆ.

ಯುದ್ಧ ನಿಂತ ಮೇಲೆ ರಾಜಧಾನಿಯಿಂದ ಒಂದು ಕಾನೂನು ಬಂತು. ಸುಟ್ಟುಹೋದ ಊರಿಗೊಂದು ಉದ್ದಿಮೆ, ಅದಕ್ಕೊಂದು ಜಾಗ, ಆ ಜಾಗದ ಸುತ್ತಲಿನ ಅರವತ್ತು ಕುಟುಂಬಕ್ಕೆ ಕೆಲಸ. ಉಳಿದವರಿಗೆ ಎಂಟು ದಿನದ ದಾರಿಯಾಚೆ ಬಯಲಿನಲ್ಲಿ ಕಟ್ಟಿದ ಹೊಸ ವಸಾಹತಿನಲ್ಲಿ ಮನೆ. ಸುಟ್ಟ ಊರುಗಳು ಬಹಳ, ಸರ್ಕಾರದ ಕೈ ಒಂದೇ, ಎಂದರು. ನಮ್ಮ ಒಂದೊಂದು ಓಣಿಯಲ್ಲಿ ಸರಿಯಾಗಿ ಅರವತ್ತು ಮನೆ. ಅಂದರೆ ಒಂದು ಓಣಿ ಉಳಿಯುತ್ತದೆ, ಇನ್ನೊಂದು ಎದ್ದು ಹೋಗುತ್ತದೆ. ಬೇರೆಯವರು ಏನೇನು ಯೋಚಿಸಿದರೋ ಗೊತ್ತಿಲ್ಲ. ನನಗೆ ತಲೆಯಲ್ಲಿದ್ದದ್ದು ಒಂದೇ: ಯಾವ ಓಣಿ ಹೋದರೂ ನಾನು ಒಂದು ಕಡೆ, ಬಂಗಾರೆವ್ವ ಒಂದು ಕಡೆ.

ಜಾಗ ಮತ್ತು ಉದ್ದಿಮೆ ಆರಿಸಲು ಬಂದವರು ಸುಲೋಚನಾ ಎಂಬ ಅಧಿಕಾರಿ. ಊರವರು ಗೌರವಕ್ಕೆ ಬಾಯಾರ ಎಂದು ಕರೆದರು. ಐವತ್ತರ ಹತ್ತಿರದ, ಬಿಸಿಲಿಗೆ ಮುಖ ಸಿಂಡರಿಸದ ಹೆಂಗಸು. ನಕ್ಷೆ ಬರೆಯುವವರು ಬೇಕು ಎಂದಾಗ ಎಲ್ಲರ ಬೆರಳೂ ನನ್ನ ಕಡೆ ತಿರುಗಿತು. ಮಾವಿನಹಣ್ಣು, ನವಿಲು, ಗಾಂಧಿಟೋಪಿ ಬಿಟ್ಟು ಬೇರೆ ಬರೆದವನಲ್ಲ ನಾನು. ಆದರೂ ಹಲಗೆ, ಸೀಸಕಡ್ಡಿ ಹಿಡಿದು ಅವರ ಹಿಂದೆ ಹೊರಟೆ. ಅದು ಚಳಿಗಾಲದ ಕೊನೆ. ಆ ವರ್ಷ ನಮ್ಮ ಬೆಲ್ಲದ ಓಣಿ ನೀರಬದಿ, ಹುಣಸೆ ಓಣಿ ಮರಳಬದಿ.

ಅವರ ಹತ್ತಿರ ಉದ್ದಿಮೆಗಳ ಒಂದು ಪಟ್ಟಿ ಇತ್ತು. ಸಿಮೆಂಟಿಗೆ ನಮ್ಮಲ್ಲಿ ಕಲ್ಲಿರಲಿಲ್ಲ. ಸಕ್ಕರೆಗೆ ಕಬ್ಬು ಬೇಕು, ಕಬ್ಬು ನದಿಯನ್ನೇ ಕುಡಿದು ಮುಗಿಸುತ್ತದೆ ಎಂದು ಅವರೇ ಗೀಟು ಹಾಕಿದರು. ತೊಗಲು ಹದ ಮಾಡುವ ಕಾರ್ಖಾನೆಯ ಬಗ್ಗೆ ಪೇಟೆಯ ಒಬ್ಬ ವ್ಯಾಪಾರಿ ಬಹಳ ಹುರುಪಿನಿಂದ ಮಾತಾಡಿದ. ಬಾಯಾರು ಕೇಳಿಸಿಕೊಂಡು, "ಕೆಳಗಿನ ಊರಿನವರು ಯಾವ ನೀರು ಕುಡಿಯುತ್ತಾರೆ?" ಎಂದರು. ಅವನು, "ಅವರೂ ಇದನ್ನ ಕುಡೀತಾರ್ರಿ," ಎಂದು ಹೇಳಿ ಎದ್ದು ಹೋದ. "ನನಗೆ ಮೂರು ವರ್ಷ ಹೊಗೆಯಾಡಿ ಮುಚ್ಚಿಹೋಗುವ ಗಿರಣಿ ಬೇಡ ಮೇಷ್ಟ್ರೇ," ಎಂದು ದಾರಿಯಲ್ಲಿ ನನಗೆ ಹೇಳಿದರು. "ಇಲ್ಲಿನ ಮಣ್ಣಿಗೂ ನೀರಿಗೂ ಒಗ್ಗಬೇಕು. ಈಗಿನ ಮಕ್ಕಳ ಮೊಮ್ಮಕ್ಕಳೂ ಅದರಲ್ಲಿ ಕೆಲಸ ಮಾಡುವಂತಿರಬೇಕು." ಆ ಮಾತು ಕೇಳಿ ನನಗೆ ಅವರ ಮೇಲೆ ಗೌರವ ಬಂತು.

ಹುಣಸೆ ಓಣಿಯಲ್ಲಿ ಅವರ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಎದುರಿಗೇ ತುಂಗವ್ವನ ಕಟ್ಟೆ. ಅವಳು ಅಲ್ಲಿ ಕೂತು ಎಂದಿನಂತೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದಳು. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತ ಕಾಯಕತ್ತಿದ್ದೆ," ಎಂದಳು, "ಕೊಡ್ರಿಲ್ಲೆ ಅದನ್ನ." ನಾಲ್ಕೆಳೆ ನಾರು ಎಳೆದು, ತೊಡೆಯ ಮೇಲೆ ಎರಡು ಸಲ ಉಜ್ಜಿ, ಚಪ್ಪಲಿ ಹೊಲಿದು ಕೊಟ್ಟಳು. ಬಾಯಾರು ಹೊಲಿಗೆಯನ್ನು ಜಗ್ಗಿ ನೋಡಿದರು. ಮತ್ತೆ ಜಗ್ಗಿದರು. ಆಮೇಲೆ ಚಪ್ಪಲಿ ಮೆಟ್ಟುವುದನ್ನು ಮರೆತು ಕಟ್ಟೆಯ ಮೇಲೆ ಕೂತುಬಿಟ್ಟರು.

"ಇದು ಎಲ್ಲಿ ಬೆಳೆಯುತ್ತದೆ?"

"ಮರಳಬದಿಗೆ, ಮೆಕ್ಕಲದಾಗ. ಹೊಳಿ ಮಗ್ಗಲಾ ಬದಲಿಸಿದ ಮರುದಿನಾ ಬೀಜ ಚೆಲ್ಲೂದು. ಎಲಿ ಪಲ್ಯಾಕ್ಕ, ದಂಟು ನಾರಿಗೆ. ದಂಟು ಒಯ್ದು ನೀರಬದಿಗೆ ಕೊಳಿ ಹಾಕಬೇಕು, ಹದಿನೈದ ಇಪ್ಪತ್ತ ದಿನ. ಸುಲದು ತೊಳದು, ಮತ್ತ ಮರಳಿಗೆ ತಂದು ಒಣಗಸೂದು."

"ಕೊಳೆಹಾಕಿದರೆ ನೀರು ಕೆಡುವುದಿಲ್ಲವೇ?"

"ಕೆಡ್ತದ. ಅದಕ್ಕ ಕುಡಿಯೂ ನೀರಿನ ಕೆಳಗ, ಹೊಳಿಯಿಂದ ಹೊರಗ, ಕಟ್ಟಿ ಕಟ್ಟಿ ನೀರು ನಿಲ್ಲಿಸಿ ಹಾಕ್ತೀವಿ. ಆ ನೀರು ಪುಂಡಿಗೇ ಗೊಬ್ಬರ. ನಾವೇನು ದಡ್ಡರೇನ್ರಿ?"

ಇಡೀ ದೇಶ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಸಾರವೆಗೆ ಹಗ್ಗ, ದನಕ್ಕೆ ಹಗ್ಗ, ಹೊರಸಿಗೆ ಹಗ್ಗ, ಧಾನ್ಯಕ್ಕೆ ಚೀಲ. ಬಾಯಾರು ಅಲ್ಲೇ ಪಟ್ಟಿಯ ಕೆಳಗೆ ಕೈಯಿಂದ ಒಂದು ಸಾಲು ಬರೆದರು: ಪುಂಡಿನಾರಿನ ಹಗ್ಗ. ನಾರು ಒಣಗಲು ಮರಳು ಬೇಕಾದ್ದರಿಂದ ಶೆಡ್ಡು ಮರಳಿನ ಪಕ್ಕ, ಅಂದರೆ ಈ ಓಣಿಯಲ್ಲೇ ಆಗಬೇಕು ಎಂದು ತೀರ್ಮಾನಿಸಿದರು. ಹೊಳೆ ಮಗ್ಗುಲು ಬದಲಿಸುವ ಮಾತನ್ನು ಅವರು ಮಳೆಗಾಲದ ನೆರೆಯ ಮಾತು ಎಂದುಕೊಂಡರೆಂದು ನನಗೆ ಹೊಳೆಯಲೇ ಇಲ್ಲ. ಸೂರ್ಯ ದಿನಾ ಹುಟ್ಟುತ್ತಾನೆ ಎಂದು ಯಾರಾದರೂ ಅಧಿಕಾರಿಗೆ ಅರ್ಜಿ ಬರೆಯುತ್ತಾರೆಯೇ?

ವರದಿಯನ್ನು ಅವರು ಹೇಳಿದರು, ನಾನು ಶುದ್ಧ ಅಕ್ಷರದಲ್ಲಿ ಬರೆದೆ. ಕೊಳೆಹಾಕುವ ಕಟ್ಟೆ ನೀರಬದಿಗೆ. ಶೆಡ್ಡು ಮರಳಬದಿಗೆ. ಕೆಲಸ ಮರಳಬದಿಯ ಅರವತ್ತು ಕುಟುಂಬಕ್ಕೆ. ನಕ್ಷೆಯಲ್ಲಿ ಒಂದು ನದಿ, ಎರಡು ಓಣಿ, ಶೆಡ್ಡಿನ ಗುರುತಿಗೆ ಒಂದು ಚೌಕ. ಚೌಕದ ಮಗ್ಗುಲಲ್ಲಿ "ಬಂಗಾರೆವ್ವನ ಮನೆ" ಎಂದು ಸಣ್ಣಗೆ ಬರೆದೆ. ನನ್ನ ಓಣಿ ಖಾಲಿಯಾಗುತ್ತದೆ, ನನ್ನ ಜೊತೆ ಬೆಳೆದವರು ಮಣ್ಣು ಬಿಟ್ಟು ಹೋಗುತ್ತಾರೆ, ನಾನೂ ಹೋಗುತ್ತೇನೆ ಎಂದು ಗೊತ್ತಿದ್ದೂ, ತಂಗಿ ಉಳಿಯುತ್ತಾಳೆ ಎಂದು ನನಗೆ ಖುಷಿಯಾಯಿತು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಆದದ್ದು ಹಾಗೆಯೇ.

ಬಾಯಾರು ವರದಿ ತೆಗೆದುಕೊಂಡು ಹೋದರು. ಹೋಳಿಯಾಯಿತು, ಉಗಾದಿಯಾಯಿತು. ಕಾರಹುಣ್ಣಿಮೆ ಕಳೆದು ನದಿ ಮಗ್ಗುಲು ಬದಲಿಸಿತು. ಹುಣಸೆ ಓಣಿ ನೀರಬದಿಯಾಯಿತು, ನಮ್ಮದು ಮರಳಬದಿ. ಜನ ಬೀಜ ಚೆಲ್ಲಿದರು. ನಾನು ನಮ್ಮ ಹಿತ್ತಲ ಹಿಂದಿನ ಹಸಿ ಮೆಕ್ಕಲಿನಲ್ಲಿ ನಿಂತು ಹೊಸ ವಾಸನೆ ಕುಡಿಯುತ್ತಿದ್ದೆ. ಆಗಲೂ ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆಷಾಢದಲ್ಲಿ ಮೂರು ಲಾರಿ, ಒಬ್ಬ ಇಂಜಿನಿಯರು, ಮಂಜೂರಾತಿ ಆದೇಶ ಎಲ್ಲ ಒಟ್ಟಿಗೇ ಬಂದವು. ಇಂಜಿನಿಯರು ನನ್ನ ನಕ್ಷೆ ಬಿಡಿಸಿ ನೋಡಿದರು. ನದಿ ತಾಳೆಯಾಗಲಿಲ್ಲ. ನಕ್ಷೆಯನ್ನು ತಲೆಕೆಳಗು ಮಾಡಿ ಹಿಡಿದರು. ಈಗ ಎಲ್ಲ ಸರಿಯಾಯಿತು. ನದಿ ಅತ್ತ, ಮರಳು ಇತ್ತ, ಚೌಕ ನನ್ನ ಮನೆಯ ಪಕ್ಕ. ನಾನು ಶಾಲೆಯಿಂದ ಓಡಿಬರುವಷ್ಟರಲ್ಲಿ ನಾಲ್ಕು ಕಂಬ ನೆಟ್ಟಾಗಿತ್ತು. ನದಿ ಮಗ್ಗುಲು ಬದಲಿಸಿದೆ, ಚೌಕ ಆಚೆ ಓಣಿಯದು ಎಂದು ಅವರ ಕೈಕಾಲು ಹಿಡಿದು ಹೇಳಿದೆ. ಅವರು ಆದೇಶದ ಮೇಲೆ ಬೆರಳಿಟ್ಟು, "ಮರಳಬದಿ ಅಂತ ನೀವೇ ಬರೆದಿದ್ದೀರಿ. ಇದು ಮರಳಬದಿ ಹೌದೋ ಅಲ್ಲವೋ?" ಎಂದು ಕೇಳಿದರು.

ಹೌದು ಎಂದೆ. ಬೇರೆ ಏನು ಹೇಳಲಿ? ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿಟ್ಟಿದ್ದೆ. ಪಂಚಮಿ ಹಬ್ಬ ಕಳೆದ ಮೂರನೆಯ ದಿನ ಮರಳಬದಿಯ ಕುಟುಂಬಗಳ ಎಣಿಕೆ. ಪಟ್ಟಿಯಲ್ಲಿ ಇಲ್ಲದವರಿಗೆ ಮರುದಿನ ಬಸ್ಸು. ಬಂಗಾರೆವ್ವ ಹೋಗುತ್ತಾಳೆ, ನಾನು ಉಳಿಯುತ್ತೇನೆ.

ಹುಣಸೆ ಓಣಿಯಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಬಂಗಾರೆವ್ವ ಮಾತ್ರ ಇಂಜಿನಿಯರ ಹತ್ತಿರ ನಕ್ಷೆ ಕೇಳಿ ನೋಡಿ ಬಂದಿದ್ದಳು. "ಅಣ್ಣ, ಚೌಕದ ಬಾಜೂಕ ನನ್ನ ಹೆಸರು ಬರದಿ," ಎಂದಳು. "ಹೂಂ," ಎಂದೆ. "ನಿನ್ನ ಓಣಿ ಹ್ವಾದ್ರ ಹೋಗ್ಲಿ ಅಂತ ಬರದಿ." ಅದಕ್ಕೂ ಹೂಂ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗ ಬರೀಬಾರದಾಗಿತ್ತು," ಎಂದು ಹೇಳಿ ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟಳು.

ಉಪಾಯ ಮೊದಲು ಯಾರಿಗೆ ಹೊಳೆಯಿತೋ, ಈಗ ಕೇಳಿದರೆ ಊರಲ್ಲಿ ನೂರಿಪ್ಪತ್ತು ಜನ ನನಗೇ ಎನ್ನುತ್ತಾರೆ. ಪಂಚಮಿಗೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಹೋಗುವುದು ಇದ್ದದ್ದೇ. ಈ ಸಲ ಬರೀ ಹೆಣ್ಣುಮಗಳನ್ನಲ್ಲ, ಅಳಿಯನನ್ನು, ಮಕ್ಕಳನ್ನು, ಬೀಗರನ್ನು, ಎಮ್ಮೆಯನ್ನು, ಎಲ್ಲವನ್ನೂ ಕರೆದುಕೊಂಡು ಬರುವುದು. ಎಣಿಕೆಯ ದಿನ ಮರಳಬದಿಯಲ್ಲಿ ಅರವತ್ತು ಮನೆ, ಅರವತ್ತು ಕುಟುಂಬ, ಕಾನೂನಿಗೆ ಸರಿಯಾಗಿ. ಕುಟುಂಬ ಸ್ವಲ್ಪ ದೊಡ್ಡದು, ಅಷ್ಟೆ. ಒಂದು ಕುಟುಂಬದ ಕೆಲಸವನ್ನು ಎರಡು ಮನೆಯವರು ಪಾಳಿ ಹಾಕಿಕೊಂಡು ಮಾಡುವುದು. ಹೊಟ್ಟೆ ತುಂಬಾ ತುಂಬದಿದ್ದರೂ ಊರು ತುಂಬಿರುತ್ತದೆ.

ಪಂಚಮಿಯ ಮುನ್ನಾದಿನದಿಂದಲೇ ಹೊರಸು, ಹಂಡೆ, ತೊಟ್ಟಿಲು ಹೊತ್ತು ಜನ ಪೇಟೆ ದಾಟತೊಡಗಿದರು. ಕೆಲವು ಮನೆಗಳಲ್ಲಿ ಮೊದಲ ಗಂಟೆಯಲ್ಲೇ ಒಲೆ ಯಾರದೆಂದು ಜಗಳವೂ ಆಯಿತು. ನಾನು ಮನೆ ಗುಡಿಸಿ, ಒಳಕೋಣೆ ಖಾಲಿ ಮಾಡಿ, ತಂಗಿಯನ್ನು ಕರೆಯಲು ಹೋದೆ. ಓಣಿಯಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿದ್ದವು. ತುಂಗವ್ವ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದಳು. ಒಳಗೆ ಗಂಟು ಕಟ್ಟಿದ ಸುಳಿವೇ ಇರಲಿಲ್ಲ.

"ನಡಿ ತಂಗಿ," ಎಂದೆ.

ಬಂಗಾರೆವ್ವ ಬಾಗಿಲಲ್ಲಿ ನಿಂತು, "ಅತ್ತಿ ಬಂದ್ರ ಬರ್ತೀನಿ. ಇಲ್ಲಂದ್ರ ಇಬ್ಬರೂ ಬಸ್ ಹತ್ತತೀವಿ," ಎಂದಳು.

ತುಂಗವ್ವ ತಲೆ ಎತ್ತಲಿಲ್ಲ. "ಬೀಗರ ಮನ್ಯಾಗ ಉಂಡು ಬರಬಹುದು. ಪಟ್ಟ್ಯಾಗ ಹೆಸರು ಬರಸಬಾರದು. ನೀ ಹೋಗವ್ವ, ನಿನ್ನ ಅಣ್ಣ ಬಂದಾನ."

ನಾನು ಕಟ್ಟೆಯ ಕೆಳಗೆ ಕುಳಿತು ಎಲ್ಲ ಹೇಳಿದೆ. ಕೈತಪ್ಪಿ ಆದದ್ದನ್ನು, ಬೇಕೆಂದೇ ಬಯಸಿದ್ದನ್ನು, ಎರಡನ್ನೂ. ತಪ್ಪು ನನ್ನದು, ನೀವು ಬರದಿದ್ದರೆ ಇವಳು ಬರುವುದಿಲ್ಲ, ಇವಳಿಲ್ಲದೆ ನನಗೆ ಈ ಊರು ಬೇಡ ಎಂದೆ. ಅವಳು ಹೊಸೆಯುತ್ತಲೇ ಇದ್ದಳು.

"ಮಾಸ್ತರ, ನೀ ಈ ಮನಿಗೆ ಎಷ್ಟು ಪಂಚಮಿಗೆ ಬಂದಿ?"

"ಹದಿನಾಲ್ಕು, ಅತ್ತಿ."

"ಹದಿನಾಲ್ಕು ಸಲ ಬಂದಿ. ತಂಗಿ ನಡಿ ಅಂದಿ, ಕರಕೊಂಡು ಹ್ವಾದಿ. ಅತ್ತಿ, ನೀವೂ ಬರ್ರಿ ಅಂತ ಒಂದ ಸಲಾ ಅಂದಿಯೇನು? ನಾ ಬರ್ತಿದ್ದಿಲ್ಲ. ಆದ್ರ ಅನಬೇಕಾಗಿತ್ತು." ಹೊಸ ಎಳೆ ಸೇರಿಸಿಕೊಂಡು, "ಮಲ್ಲೇಶಿ ಇದ್ದಾಗ ಅವನರೆ ಜೋಡಿ ಇರ್ತಿದ್ದ. ಹಿಂದಿನ ಎರಡು ಪಂಚಮಿ ನಾ ಒಬ್ಬಾಕಿನ ಈ ಕಟ್ಟಿ ಮ್ಯಾಲ ಕುಂತ ಕಳದೀನಿ. ಈಗೂ ನೀ ಬಂದು ತಂಗಿ ನಡಿ ಅಂದಿ," ಎಂದಳು.

ಜಗತ್ತಿನಲ್ಲಿ ನನ್ನಷ್ಟು ತಂಗಿಯನ್ನು ಪ್ರೀತಿಸುವವನಿಲ್ಲ ಎಂದುಕೊಂಡಿದ್ದೆ. ಆ ತಂಗಿ ಎರಡು ಹಬ್ಬಕ್ಕೆ ನನ್ನ ಮನೆಯಲ್ಲಿ ಉಂಡಿ ತಿನ್ನುವಾಗ ಯಾಕೆ ನಡುನಡುವೆ ಸುಮ್ಮನಾಗುತ್ತಿದ್ದಳು ಎಂದು ಒಮ್ಮೆಯೂ ಕೇಳಿರಲಿಲ್ಲ. ಎದ್ದು ಮನೆಗೆ ಬಂದೆ. ಪೇಟೆಯಲ್ಲಿ ಒಂದು ಎತ್ತಿನ ಬಂಡಿ ಮಾತಾಡಿದೆ. ಐದು ನಿಮಿಷದ ದಾರಿಗೆ ಬಂಡಿಯೇ ಎಂದು ಬಂಡಿಯವನು ನಕ್ಕ. ನಗಲಿ ಎಂದೆ. ಎಳ್ಳುಂಡಿ, ಶೇಂಗಾದುಂಡಿ ಡಬ್ಬಿಗೆ ತುಂಬಿಕೊಂಡು, ತೊಳೆದ ಅಂಗಿ ಹಾಕಿಕೊಂಡು, ಬಂಡಿಯಲ್ಲಿ ಜಮಖಾನೆ ಹಾಸಿಕೊಂಡು ಮತ್ತೆ ಹುಣಸೆ ಓಣಿಗೆ ಹೋದೆ.

ಈ ಸಲ ಬಂಗಾರೆವ್ವನ ಕಡೆ ನೋಡಲಿಲ್ಲ. ಡಬ್ಬಿಯನ್ನು ತುಂಗವ್ವನ ಮುಂದಿಟ್ಟು, "ಅತ್ತಿ, ನಾಳೆ ಪಂಚಮಿ. ನಿಮ್ಮನ್ನ ಕರಿಯಾಕ ಬಂದೀನಿ," ಎಂದೆ.

ಅವಳು ಡಬ್ಬಿ ತೆಗೆದು ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡಳು. "ಬೆಲ್ಲ ಕಮ್ಮಿ ಆಗ್ಯಾದ," ಎಂದಳು. ಆಮೇಲೆ ಹೊಸೆಯುವ ನಾರನ್ನೆಲ್ಲ ಒಟ್ಟುಮಾಡಿ ಕಂಕುಳಲ್ಲಿ ಇಟ್ಟುಕೊಂಡು, ಬಂಡಿ ಹತ್ತಲು ಕೈ ಚಾಚಿದಳು. ಎತ್ತುಗಳನ್ನು ಬಹಳ ನಿಧಾನ ಹೊಡೆಯಲು ಹೇಳಿದೆ, ಓಣಿಯಲ್ಲಿ ಉಳಿದವರೆಲ್ಲ ನೋಡಲಿ ಎಂದು.

ಎಣಿಕೆಯ ದಿನ ಸುಲೋಚನಾ ಬಾಯಾರೇ ಬಂದರು. ಆದೇಶ, ನಕ್ಷೆ, ನದಿ ಮೂರನ್ನೂ ಬೆಳಿಗ್ಗೆಯೇ ನೋಡಿ, ಪೇಟೆಯ ನಡುವೆ ನಿಂತು ನಕ್ಷೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದರಂತೆ. ಆಮೇಲೆ ಬೆಲ್ಲದ ಓಣಿಯ ಮೊದಲ ಮನೆಯಿಂದ ಎಣಿಸುತ್ತ ಬಂದರು. ಒಂದೊಂದು ಮನೆಯಲ್ಲಿ ಹನ್ನೆರಡು ಜನ, ಹದಿನೈದು ಜನ. ಇವರು ಯಾರು ಎಂದು ಕೇಳುವುದು, ಹೇಳಿದ್ದನ್ನು ಬರೆದುಕೊಳ್ಳುವುದು. ಹೆಚ್ಚು ಕೇಳಲಿಲ್ಲ, ಆದರೆ ಸುಳ್ಳನ್ನೂ ಬರೆಯಲಿಲ್ಲ. ಸಂಬಂಧ ತಾಳೆಯಾಗದಿದ್ದರೆ ಅದು ಇನ್ನೊಂದು ಕುಟುಂಬ ಎಂದು ಎರಡು ಮನೆಗಳಲ್ಲಿ ಪೆನ್ನು ನಿಲ್ಲಿಸಿದರಂತೆ. ಆ ಸುದ್ದಿ ಅವರಿಗಿಂತ ಮುಂಚೆ ನನ್ನ ಮನೆಗೆ ಬಂತು. ಬೇರೆ ಮನೆಗಳಲ್ಲಿ ಮಗಳ ಅತ್ತೆ ಎಂದರೆ ಮೊಮ್ಮಕ್ಕಳ ಅಜ್ಜಿ ಎಂದಾದರೂ ಹೇಳಬಹುದು. ನಮ್ಮಲ್ಲಿ ಮಗು ಇರಲಿಲ್ಲ. ಗಂಡನಿಲ್ಲದ ತಂಗಿ, ಅವಳ ಅತ್ತೆ, ಒಬ್ಬ ಮದುವೆಯಾಗದ ಅಣ್ಣ. ಇದನ್ನು ಒಂದು ಕುಟುಂಬ ಎಂದು ಯಾವ ಪಟ್ಟಿಯಲ್ಲಿ ಬರೆಯುತ್ತಾರೆ?

ಬಾಯಾರು ಬಂದು ನಮ್ಮ ಜಗಲಿಯಲ್ಲಿ ಕೂತು ಹೊಸ ಹಾಳೆ ತಿರುವಿದರು. "ಮನೆಯ ಯಜಮಾನರ ಹೆಸರು?"

"ತುಂಗವ್ವ," ಎಂದೆ.

ಅವರು ನನ್ನನ್ನು ನೋಡಿದರು, ಬರೆದುಕೊಂಡರು. "ಇವರು ನಿಮಗೇನಾಗಬೇಕು ಮೇಷ್ಟ್ರೇ?"

ಬಂಗಾರೆವ್ವ ಕಂಬ ಹಿಡಿದು ನಿಂತಿದ್ದಳು. ತುಂಗವ್ವ ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವಳು, ಎಷ್ಟು ವರ್ಷಗಳಲ್ಲೋ ಮೊದಲ ಸಲ ಮಾತಾಡಲು ಕೈ ನಿಲ್ಲಿಸಿದಳು.

"ಅವನ್ನ ಏನ್ ಕೇಳ್ತೀರಿ ಬಾಯಾರ. ಯಜಮಾನಿ ನಾ ಅದೀನಿ, ನನ್ನ ಕೇಳ್ರಿ. ಇಕಿ ನನ್ನ ಮಗಳು. ಇವ ನನ್ನ ಮಗಳ ಅಣ್ಣ."

"ಮಗಳ ಅಣ್ಣ ಅಂದರೆ..." ಎಂದು ಬಾಯಾರು ಪೆನ್ನು ಎತ್ತಿ ಹಿಡಿದರು.

"ಮಗಳ ಅಣ್ಣ ಅಂದ್ರ ಅವ್ವಗ ಏನಾಗ್ತಾನ್ರಿ," ಎಂದಳು ತುಂಗವ್ವ. "ಬರಕೋರಿ."

ಬಾಯಾರು ನನ್ನ ಹೆಸರು ಬರೆದು, ಅದರ ಮುಂದೆ ಮಗ ಎಂದು ಬರೆದರು.